ಕೈಫೋನಿನ ಆಯ್ಕೆ: ಪರದೆಯ ಅಳತೆ, ಪ್ಲಾಟ್‌ಫಾರಮಿನ ಬಾಳು

ಶಿವಮೊಗ್ಗದ ದುರ್ಗಿಗುಡಿಯಲ್ಲಾಗಲಿ ಭದ್ರಾವತಿಯ ಬಿ. ಎಚ್. ರಸ್ತೆಯಲ್ಲಾಗಲಿ ಸಂಜೆಯ ಹೊತ್ತು ನಡೆದುಹೋಗುವವರಿಗೆ ಫೋನಿನ ಅಂಗಡಿಗಳು ಕಣ್ಣಿಗೆ ಬೀಳದೆ ಇರುವುದಿಲ್ಲ. ಗಾಜಿನ ಪೆಟ್ಟಿಗೆಯೊಳಗೆ ಸಾಲಾಗಿ ಹೊಳೆಯುವ ಆ ಯಂತ್ರಗಳ ಮುಂದೆ ನಿಂತ ಗ್ರಾಹಕನಿಗೆ ಎರಡು ಪ್ರಶ್ನೆಗಳು ಎದುರಾಗುತ್ತವೆ. ಆಂಡ್ರಾಯ್ಡ್ ಫೋನೋ ಐಫೋನೋ ಎಂಬುದು ಒಂದು, ಪರದೆ 6.1 ಅಂಗುಲದ್ದೋ 6.7 ಅಂಗುಲದ್ದೋ ಎಂಬುದು ಇನ್ನೊಂದು. ಮಾರುವವನ ಬಳಿ ಉತ್ತರ ಸಿದ್ಧವಾಗಿಯೇ ಇರುತ್ತದೆ. ಆದರೆ ಆ ಉತ್ತರ ಅಂಗಡಿಯ ದಾಸ್ತಾನನ್ನು ನೋಡಿ ಹುಟ್ಟಿದ್ದೇ ಹೊರತು ಕೊಳ್ಳುವವನ ಕಣ್ಣನ್ನೂ ಕೈಯನ್ನೂ ನೋಡಿ ಹುಟ್ಟಿದ್ದಲ್ಲ.

ಈ ಎರಡು ಪ್ರಶ್ನೆಗಳನ್ನು ವಿಜ್ಞಾನದ ದೃಷ್ಟಿಯಿಂದ ವಿವೇಚಿಸುವುದು ಪ್ರಕೃತ ಲೇಖನದ ಉದ್ದೇಶ. ಯಾವ ತಯಾರಕನ ಫೋನು ಮೇಲೆಂದು ತೀರ್ಪು ಕೊಡುವುದು ನಮ್ಮ ಕೆಲಸವಲ್ಲ. ನಾವು ಈ ವಿಚಾರಕ್ಕೆ ಕೈಹಾಕಿದ್ದು ನಾವೇ ಮಾಡಿದ ಒಂದು ತಪ್ಪಿನಿಂದ. ಆದುದರಿಂದ ಅದನ್ನು ಮೊದಲು ಹೇಳಿಬಿಡುವುದು ಲೇಸು.

ಉಕ್ಕಿನ ಸ್ಕೇಲಿನ ಸಾಕ್ಷ್ಯ

ನಮ್ಮ ತಂದೆಯವರು ಭದ್ರಾವತಿಯ ಕಬ್ಬಿಣ ಮತ್ತು ಉಕ್ಕಿನ ಕಾರ್ಖಾನೆಯ ಮೆಷಿನ್ ಷಾಪಿನಲ್ಲಿ ಟರ್ನರ್ ಆಗಿದ್ದು ನಿವೃತ್ತರಾದವರು. 2017ರಲ್ಲಿ ಕೊಂಡ 5.5 ಅಂಗುಲದ ಫೋನೊಂದು ಅವರ ಬಳಿ ಇದ್ದಿತು. ಬೆಳಗ್ಗೆ ಅದರಲ್ಲಿ ಪತ್ರಿಕೆ ಓದುವುದು, ತಿಂಗಳಿಗೊಮ್ಮೆ ಬ್ಯಾಂಕಿನ ಲೆಕ್ಕ ನೋಡುವುದು, ದೂರದೂರಿನಲ್ಲಿರುವ ಮಗಳ ಮುಖ ನೋಡಿ ಮಾತನಾಡುವುದು, ಇವು ಅವರ ರೂಢಿ. ಹೀಗಿರುತ್ತ ಒಂದು ದಿನ ಬ್ಯಾಂಕಿನ ಆಪ್ ತೆರೆಯಲಿಲ್ಲ. ಫೋನಿನ ವ್ಯವಸ್ಥೆ ತೀರ ಹಳೆಯದಾಯಿತೆಂದೂ ಅದರಲ್ಲಿ ಆಪ್ ಇನ್ನು ನಡೆಯುವುದಿಲ್ಲವೆಂದೂ ಸೂಚನೆ ಬಂದಿತು. ಫೋನಿನ ಗಾಜು ಒಡೆದಿರಲಿಲ್ಲ, ಬ್ಯಾಟರಿ ಸೋತಿರಲಿಲ್ಲ. ಆದರೂ ಅದರ ಕಾಲ ಮುಗಿದಿತ್ತು.

ಅವರಿಗೆ ಹೊಸ ಫೋನು ಕೊಡಿಸಲು ನಾವು ಹೊರಟೆವು. ವಯಸ್ಸಾದವರ ಕಣ್ಣಿಗೆ ಅಕ್ಷರ ದೊಡ್ಡದಾಗಿ ಕಾಣಲೆಂದು 6.5 ಅಂಗುಲದ ಫೋನನ್ನೇ ಆರಿಸಿದೆವು. ಒಂದು ಅಂಗುಲ ಹೆಚ್ಚಿದ ಮೇಲೆ ಅಕ್ಷರವೂ ಹಿಗ್ಗಬೇಕಲ್ಲವೆ? ವಾರ ಕಳೆದು ಭದ್ರಾವತಿಗೆ ಹೋದಾಗ ತಂದೆಯವರು ಹೇಳಿದ ಮಾತು ಇದು: “ಅಕ್ಷರ ಏನೂ ದೊಡ್ಡದಾಗ್ಲಿಲ್ವಲ್ಲೋ ಮಾರಾಯ. ಉದ್ದ ಮಾತ್ರ ಬೆಳ್ದಿದೆ.” ನಾವು ನಂಬಲಿಲ್ಲ. ಅವರು ಒಳಗೆ ಹೋಗಿ ತಮ್ಮ ಹಳೆಯ ಉಕ್ಕಿನ ಸ್ಕೇಲನ್ನು ತಂದು ಎರಡು ಫೋನುಗಳ ಪರದೆಗಳನ್ನೂ ಅಡ್ಡಕ್ಕೆ ಅಳೆದು ತೋರಿಸಿದರು. ಹಳೆಯದರ ಅಗಲ ಅರುವತ್ತೆಂಟೂವರೆ ಮಿಲಿಮೀಟರು. ಹೊಸದರದು ಅರುವತ್ತೆಂಟಕ್ಕೆ ಕೂದಲೆಳೆಯಷ್ಟು ಕಡಮೆ. ಭೌತವಿಜ್ಞಾನವನ್ನು ಬೋಧಿಸುವ ನಾವು ಅಳತೆಯಿಲ್ಲದೆ ಊಹಿಸಿದ್ದೆವು. ಟರ್ನರ್ ಆಗಿದ್ದವರು ಅಳೆದು ತಿಳಿದಿದ್ದರು.

ಅಂಗುಲದ ಲೆಕ್ಕ

ಪೆಟ್ಟಿಗೆಯ ಮೇಲೆ ಮುದ್ರಿಸುವ ಅಂಗುಲ ಪರದೆಯ ಅಗಲವಲ್ಲ, ಎತ್ತರವೂ ಅಲ್ಲ. ಅದು ಮೂಲೆಯಿಂದ ಮೂಲೆಗೆ ಎಳೆದ ಕರ್ಣದ ಉದ್ದ. ಕರ್ಣ ಒಂದೇ ಆಗಿದ್ದರೂ ಆಯತಗಳು ಬೇರೆ ಬೇರೆ ಆಕಾರದಲ್ಲಿರಬಹುದು. ಸಮಾನ ಕರ್ಣವುಳ್ಳ ಆಯತಗಳಲ್ಲೆಲ್ಲ ಚೌಕಕ್ಕೆ ವಿಸ್ತೀರ್ಣ ಹೆಚ್ಚು. ಆಯತ ನೀಳವಾದಷ್ಟೂ ವಿಸ್ತೀರ್ಣ ಕುಗ್ಗುತ್ತದೆ. ಇದು ಪ್ರೌಢಶಾಲೆಯ ರೇಖಾಗಣಿತ.

2017ಕ್ಕೆ ಹಿಂದಿನ ಬಹುಪಾಲು ಫೋನುಗಳಲ್ಲಿ ಎತ್ತರಕ್ಕೂ ಅಗಲಕ್ಕೂ ಇದ್ದ ಪ್ರಮಾಣ 16ಕ್ಕೆ 9. ಇಂದಿನ ಅನೇಕ ಫೋನುಗಳಲ್ಲಿ ಅದು 20ಕ್ಕೆ 9. ಒಂದು ಅಂಗುಲಕ್ಕೆ 2.54 ಸೆಂಟಿಮೀಟರಿನಂತೆ ಪೈಥಾಗೊರಸನ ಪ್ರಮೇಯವನ್ನು ಅನ್ವಯಿಸಿದರೆ, 5.5 ಅಂಗುಲದ ಹಳೆಯ ಪರದೆಯ ಅಗಲ 6.85 ಸೆಂಟಿಮೀಟರು, ಎತ್ತರ 12.2 ಸೆಂಟಿಮೀಟರು ಎಂದು ತಿಳಿಯಬರುತ್ತದೆ. 6.5 ಅಂಗುಲದ ಹೊಸ ಪರದೆಯ ಅಗಲ 6.77, ಎತ್ತರ 15.1. ಹೆಚ್ಚಿದ ಅಂಗುಲವೆಲ್ಲವೂ ಎತ್ತರಕ್ಕೇ ಸಂದಿತು. ಅಗಲದಲ್ಲಿ ಒಂದು ಮಿಲಿಮೀಟರಿನಷ್ಟು ನಷ್ಟವೇ ಆಯಿತು. 6.5 ಅಂಗುಲದ ಪರದೆಯನ್ನು ಹಳೆಯ ಪ್ರಮಾಣದಲ್ಲೇ ಮಾಡಿದ್ದರೆ ಅಗಲ 8.1 ಸೆಂಟಿಮೀಟರು ಇರುತ್ತಿತ್ತು, ವಿಸ್ತೀರ್ಣ ಸುಮಾರು 116 ಚದರ ಸೆಂಟಿಮೀಟರು. ನೀಳವಾದ ಪರದೆಯಲ್ಲಿ ಅದು 102 ಮಾತ್ರ. ಎರಡನ್ನೂ 6.5 ಅಂಗುಲವೆಂದೇ ಮಾರಬಹುದು.

ಈ ರೂಪಾಂತರಕ್ಕೆ ಕಾರಣವಿಲ್ಲದೆ ಇಲ್ಲ. 2007ರಲ್ಲಿ ಬಂದ ಮೊದಲ ಐಫೋನಿನ ಪರದೆ 3.5 ಅಂಗುಲದ್ದು; ಅಗಲ ಐದು ಸೆಂಟಿಮೀಟರಿಗೂ ಕಡಮೆ. 2011ರಲ್ಲಿ ಸ್ಯಾಮ್‌ಸಂಗ್ ಸಂಸ್ಥೆ 5.3 ಅಂಗುಲದ ಗ್ಯಾಲಕ್ಸಿ ನೋಟ್ ಫೋನನ್ನು ತಂದಾಗ ಇದು ಫೋನೋ ಹಲಗೆಯೋ ಎಂದು ಬೆರಗಾದವರುಂಟು. ಜನ ಅದನ್ನು ಒಪ್ಪಿಕೊಂಡರು. ಆದರೆ ಅಗಲವನ್ನು ಹೆಚ್ಚಿಸುತ್ತ ಹೋದರೆ ಮನುಷ್ಯನ ಅಂಗೈ ಎಲ್ಲೋ ಒಂದು ಕಡೆ ಸಾಲದಾಗುತ್ತದೆ. ಅಂಗೈ ಬೆಳೆಯುವುದಿಲ್ಲವಾದ್ದರಿಂದ ತಯಾರಕರು ಪರದೆಯನ್ನು ಮೇಲಕ್ಕೆ ಬೆಳೆಸಿದರು. 2012ರ ಐಫೋನ್ 5ರಲ್ಲಿ ನಡೆದದ್ದೂ ಇದೇ: ಪರದೆ 3.5ರಿಂದ 4 ಅಂಗುಲಕ್ಕೆ ಏರಿತು, ಅಗಲ ಮಾತ್ರ ಇದ್ದಷ್ಟೇ ಉಳಿಯಿತು.

ಪರದೆಯ ಅಗಲಕ್ಕೂ ಅಕ್ಷರದ ಗಾತ್ರಕ್ಕೂ ಇರುವ ಸಂಬಂಧವನ್ನು ಇಲ್ಲಿ ಹೇಳಬೇಕು. ಆಂಡ್ರಾಯ್ಡ್ ಫೋನುಗಳು ತಮ್ಮ ಅಗಲವನ್ನು ಇಷ್ಟು ಕಲ್ಪಿತ ಭಾಗಗಳೆಂದು ಎಣಿಸಿಕೊಳ್ಳುತ್ತವೆ. ಅನೇಕ ಫೋನುಗಳಲ್ಲಿ ಈ ಸಂಖ್ಯೆ 360. ಬರೆಹದ ಅಚ್ಚಿಗೆ 16 ಭಾಗವೆಂದು ಆಪ್‌ನಲ್ಲಿ ಗೊತ್ತುಮಾಡಿದ್ದರೆ, ಹಳೆಯ ಫೋನಿನಲ್ಲಿ ಅಚ್ಚಿನ ಅಳತೆ 3.04 ಮಿಲಿಮೀಟರು, ಹೊಸದರಲ್ಲಿ 3.01 ಮಿಲಿಮೀಟರು. ತಂದೆಯವರ ದೂರು ಅಕ್ಷರಶಃ ನಿಜವಾಗಿತ್ತು.

ಕಣ್ಣಿನ ಬೇಡಿಕೆ

ಹಾಗಾದರೆ ಅಕ್ಷರ ಎಷ್ಟು ದೊಡ್ಡದಿರಬೇಕು? ಕಣ್ಣಿಗೆ ಮುಖ್ಯವಾದದ್ದು ವಸ್ತುವಿನ ಗಾತ್ರವಲ್ಲ, ಅದು ಕಣ್ಣಿನಲ್ಲಿ ಮಾಡುವ ಕೋನ. ಒಂದು ಡಿಗ್ರಿಯನ್ನು ಅರುವತ್ತು ಮಿನಿಟುಗಳಾಗಿ ಭಾಗಿಸಿದರೆ, ಆರೋಗ್ಯವಂತ ಕಣ್ಣು ಒಂದು ಮಿನಿಟು ಕೋನದಷ್ಟು ಅಂತರವುಳ್ಳ ಎರಡು ಬಿಂದುಗಳನ್ನು ಬೇರೆ ಬೇರೆಯಾಗಿ ಕಾಣಬಲ್ಲದು. ಅಕ್ಷರವನ್ನು ಗುರುತಿಸಲು ಐದು ಮಿನಿಟುಗಳಷ್ಟಾದರೂ ಬೇಕು. ಕಣ್ಣಿನ ವೈದ್ಯರ ಗೋಡೆಯ ಹಲಗೆಯಲ್ಲಿ ಸರಿಯಾದ ದೃಷ್ಟಿಯ ಸಾಲಿಗೆ ಇದೇ ಆಧಾರ. ಆದರೆ ಗುರುತಿಸುವುದು ಬೇರೆ, ಅರ್ಧ ಗಂಟೆ ಆಯಾಸವಿಲ್ಲದೆ ಓದುವುದು ಬೇರೆ. ಅದಕ್ಕೆ ಮೂರು ನಾಲ್ಕು ಪಟ್ಟು ಬೇಕಾಗುತ್ತದೆ. ಅಂದರೆ 15ರಿಂದ 20 ಮಿನಿಟು.

ಪ್ರಾಯ ಕಳೆದಂತೆ ಕಣ್ಣಿನ ಮಸೂರ ಗಡುಸಾಗಿ, ಹತ್ತಿರದ ವಸ್ತುವನ್ನು ಸ್ಫುಟವಾಗಿ ಕಾಣುವ ಶಕ್ತಿ ತಗ್ಗುತ್ತದೆ. ಆದುದರಿಂದಲೇ ಓದುವ ಕನ್ನಡಕ. ಅದನ್ನು ಸಾಮಾನ್ಯವಾಗಿ 40 ಸೆಂಟಿಮೀಟರು ದೂರಕ್ಕೆ ಹೊಂದಿಸಿರುತ್ತಾರೆ. ಆ ದೂರದಲ್ಲಿ 20 ಮಿನಿಟು ಕೋನವೆಂದರೆ 2.3 ಮಿಲಿಮೀಟರು. ಮೇಲೆ ಹೇಳಿದ 3 ಮಿಲಿಮೀಟರು ಅಚ್ಚಿನಲ್ಲಿ ‘ಕ’ ಅಕ್ಷರದ ಒಡಲು ಸುಮಾರು ಒಂದೂವರೆ ಮಿಲಿಮೀಟರು. ಉಳಿದದ್ದು ಮೇಲಿನ ಗುಣಿತಕ್ಕೂ ಕೆಳಗಿನ ಒತ್ತಿಗೂ ಬಿಟ್ಟ ಜಾಗ. ಅಂದರೆ ನಮ್ಮ ತಂದೆಯವರಿಗೆ ಬೇಕಾಗಿದ್ದುದು ಒಂದೂವರೆ ಪಟ್ಟು ದೊಡ್ಡ ಅಕ್ಷರ. ಇದನ್ನು ಪರದೆಯ ಅಗಲದಿಂದಲೇ ಪಡೆಯಬೇಕಾದರೆ ಹತ್ತು ಸೆಂಟಿಮೀಟರು ಅಗಲದ ಫೋನು ಬೇಕು. ಅಂಥದು ಜೇಬಿನಲ್ಲಿ ಹಿಡಿಸದು.

ಪರಿಹಾರ ಇದ್ದದ್ದು ಅಂಗಡಿಯಲ್ಲಲ್ಲ, ಫೋನಿನೊಳಗೇ. ಎಲ್ಲ ಸ್ಮಾರ್ಟ್‌ಫೋನುಗಳಲ್ಲಿಯೂ ಸೆಟಿಂಗ್ಸ್ ಎಂಬ ಭಾಗದಲ್ಲಿ ಅಕ್ಷರದ ಗಾತ್ರವನ್ನು ಹಿಗ್ಗಿಸುವ ಏರ್ಪಾಡಿದೆ. 2023ರ ಆಂಡ್ರಾಯ್ಡ್ 14ರಿಂದ ಈಚೆಗೆ ಅದನ್ನು ಎರಡು ಪಟ್ಟಿನವರೆಗೂ ಏರಿಸಬಹುದು. ನಾವು ಒಂದೂವರೆ ಪಟ್ಟಿಗೆ ಏರಿಸಿದೆವು. ನೀಳ ಪರದೆಯ ಪ್ರಯೋಜನ ಆಗ ತಿಳಿಯಿತು. ಹಿಗ್ಗಿಸಿದ ಕನ್ನಡ ಸಾಲೊಂದಕ್ಕೆ ಒತ್ತಕ್ಷರಗಳ ಜಾಗವೂ ಸೇರಿ ಏಳು ಮಿಲಿಮೀಟರಿನಷ್ಟು ಎತ್ತರ ಬೇಕು. ಹಳೆಯ ಪರದೆಯಲ್ಲಿ ಮೇಲಿನ ಕೆಳಗಿನ ಪಟ್ಟಿಗಳನ್ನು ಕಳೆದು ಹದಿನಾಲ್ಕು ಸಾಲು ಹಿಡಿದರೆ, ಹೊಸದರಲ್ಲಿ ಹದಿನೆಂಟು ಹಿಡಿಯುತ್ತದೆ. ಸಾಲಿಗೆ ನಾಲ್ಕು ಪದ ಬರುತ್ತದೆ; ದಿನಪತ್ರಿಕೆಯ ಅಂಕಣದಲ್ಲಿಯೂ ಹೆಚ್ಚುಕಡಮೆ ಅಷ್ಟೇ. 1936ರಲ್ಲಿ ಸ್ಥಾಪಿತವಾದ ಕಾಗದದ ಕಾರ್ಖಾನೆಯಿದ್ದ ಊರಿನಲ್ಲಿ ಪತ್ರಿಕೆಯ ಅಂಕಣದ ಮೇಲೆ ಕಣ್ಣಾಡಿಸಿ ಬೆಳೆದವರಿಗೆ ಆ ಅಳತೆ ಅಪರಿಚಿತವಲ್ಲ. ಆದುದರಿಂದ ಹೀಗೆ ಹೇಳಬಹುದು: ಕರ್ಣದ ಅಂಗುಲ ಹೆಚ್ಚಿದರೆ ದೊರೆಯುವುದು ಹೆಚ್ಚು ಸಾಲುಗಳು; ದೊಡ್ಡ ಅಕ್ಷರ ದೊರೆಯುವುದು ಹೊಂದಾಣಿಕೆಯಿಂದ.

ಬಿಂದುಗಳ ಸಂಖ್ಯೆಯ ವಿಷಯವನ್ನೂ ಇಲ್ಲಿಯೇ ಮುಗಿಸೋಣ. ಪರದೆಯ ಚಿತ್ರ ಪಿಕ್ಸೆಲ್ ಎಂಬ ಸೂಕ್ಷ್ಮ ಬಿಂದುಗಳಿಂದಾದದ್ದು. ಅಗ್ಗದ ಫೋನಿನಲ್ಲಿ ಅಗಲಕ್ಕೆ 720 ಬಿಂದುಗಳಿದ್ದರೆ ಮೇಲಿನ ದರ್ಜೆಯದರಲ್ಲಿ 1080. ನಮ್ಮ ಪರದೆಯ ಮೇಲೆ ಮೊದಲನೆಯದರ ಬಿಂದು 0.094 ಮಿಲಿಮೀಟರು, ಎರಡನೆಯದರದು 0.063. ಒಂದು ಮಿನಿಟು ಕೋನವೆಂದರೆ 30 ಸೆಂಟಿಮೀಟರು ದೂರದಲ್ಲಿ 0.087 ಮಿಲಿಮೀಟರು, 40 ಸೆಂಟಿಮೀಟರು ದೂರದಲ್ಲಿ 0.116. ಚುರುಕು ಕಣ್ಣಿನ ಹುಡುಗಿಯೊಬ್ಬಳು ಮುಖದ ಹತ್ತಿರ ಹಿಡಿದು ಓದಿದರೆ 720 ಬಿಂದುಗಳ ಪರದೆಯಲ್ಲಿ ಅಕ್ಷರದ ಅಂಚು ತುಸು ಒರಟಾಗಿ ಕಂಡೀತು. ಕನ್ನಡಕ ಹಾಕಿ ತೋಳು ಚಾಚಿ ಓದುವ ಹಿರಿಯರಿಗೆ ಆ ವ್ಯತ್ಯಾಸ ಕಾಣುವುದೇ ಇಲ್ಲ. ಕಾಣದ ಬಿಂದುಗಳಿಗೆ ಹಣ ತೆರುವುದು ವ್ಯರ್ಥ.

ಕೈಯ ಮಿತಿ

ಓದುವುದು ಕಣ್ಣಾದರೂ ಹಿಡಿಯುವುದು ಕೈ. ನಾವು ಫೋನನ್ನು ಕೆಳತುದಿಯಲ್ಲಿ ಹಿಡಿಯುತ್ತೇವೆ. ಅದರ ತೂಕದ ಕೇಂದ್ರ ಮಾತ್ರ ನಡುಮಧ್ಯದಲ್ಲಿರುತ್ತದೆ. ಸನ್ನೆಕೋಲಿನ ನಿಯಮದಂತೆ ಮಣಿಕಟ್ಟಿನ ಶ್ರಮಕ್ಕೆ ತೂಕವೊಂದೇ ಕಾರಣವಲ್ಲ, ತೂಕವನ್ನು ದೂರದಿಂದ ಗುಣಿಸಿದ ಮೊತ್ತ ಕಾರಣ. 160 ಗ್ರಾಂ ತೂಕವಿದ್ದು ಕೇಂದ್ರ ಏಳೂವರೆ ಸೆಂಟಿಮೀಟರು ಮೇಲಿರುವ ಫೋನಿಗೆ ಬದಲಾಗಿ, 200 ಗ್ರಾಂ ತೂಕವಿದ್ದು ಕೇಂದ್ರ 8.2 ಸೆಂಟಿಮೀಟರು ಮೇಲಿರುವ ಫೋನನ್ನು ಓರೆಯಾಗಿ ಹಿಡಿದರೆ, ಈ ಗುಣಲಬ್ಧ ಮೂರನೆಯ ಒಂದು ಭಾಗಕ್ಕೂ ಹೆಚ್ಚಾಗುತ್ತದೆ. ಅಂಗಡಿಯಲ್ಲಿ ಎರಡು ನಿಮಿಷ ಹಿಡಿದಾಗ ಇದು ತೋರುವುದಿಲ್ಲ. ಮನೆಯಲ್ಲಿ ಇಪ್ಪತ್ತು ನಿಮಿಷ ಹಿಡಿದಾಗ ತೋರುತ್ತದೆ. ಹೆಬ್ಬೆರಳು ಮೇಲಿನ ಮೂಲೆಗೆ ಎಟುಕದೆ ಹಿಡಿತವನ್ನು ಜಾರಿಸಿ ಬದಲಿಸುವ ಆ ಗಳಿಗೆಯಲ್ಲಿಯೇ ಫೋನು ನೆಲಕ್ಕೆ ಬೀಳುವುದು ಹೆಚ್ಚು.

ದೊಡ್ಡ ಫೋನಿಗೆ ಒಂದು ಅನುಕೂಲವುಂಟು: ಒಡಲು ದೊಡ್ಡದಾದ್ದರಿಂದ ಬ್ಯಾಟರಿಗೆ ಜಾಗ ಹೆಚ್ಚು. ಇಂದು ಸಾಮಾನ್ಯವಾಗಿರುವ 5,000 ಮಿಲಿಆಂಪಿಯರ್ ಗಂಟೆಯ ಬ್ಯಾಟರಿಯಲ್ಲಿ ಸುಮಾರು 19 ವ್ಯಾಟ್ ಗಂಟೆಯಷ್ಟು ಶಕ್ತಿಯಿರುತ್ತದೆ. ಆದರೆ ಬೆಳಗಬೇಕಾದ ಪರದೆಯೂ ದೊಡ್ಡದಾದ್ದರಿಂದ ಲಾಭದ ಒಂದು ಪಾಲು ಅಲ್ಲಿಯೇ ಕರಗುತ್ತದೆ.

ಹಳಿಗಳ ದೃಷ್ಟಾಂತ

ಇನ್ನು ಪ್ಲಾಟ್‌ಫಾರಮಿನ ವಿಚಾರ. ಪ್ಲಾಟ್‌ಫಾರಂ ಎಂದೊಡನೆ ನಮ್ಮಲ್ಲಿ ನೆನಪಾಗುವುದು ರೈಲು ನಿಲ್ದಾಣ. ಆ ನೆನಪು ಇಲ್ಲಿ ಅಸಂಗತವಲ್ಲ. ಬೀರೂರಿನಿಂದ ಭದ್ರಾವತಿಯ ಮೇಲೆ ಶಿವಮೊಗ್ಗಕ್ಕೆ ಬರುವ ರೈಲುಹಾದಿ ಮೊದಲು ಮೀಟರ್ ಗೇಜಿನದಾಗಿತ್ತು. ಹಳಿಗಳ ನಡುವಣ ಅಂತರ 1,000 ಮಿಲಿಮೀಟರು. ಅದೇ ಹಾದಿಯ ತರೀಕೆರೆಯಿಂದ ನರಸಿಂಹರಾಜಪುರಕ್ಕೆ ಎರಡೇ ಅಡಿ ಅಂತರದ ಕಿರುಹಳಿ ಇದ್ದಿತು. ಕಿರುಹಳಿಯ ಗಾಡಿ ಎಷ್ಟೇ ಗಟ್ಟಿಯಾಗಿರಲಿ, ತರೀಕೆರೆಯಲ್ಲಿ ನಿಲ್ಲಲೇಬೇಕು. ಸರಕನ್ನು ಇಳಿಸಿ ಇನ್ನೊಂದು ಗಾಡಿಗೆ ಹೇರಲೇಬೇಕು. 1992ರಲ್ಲಿ ಭಾರತೀಯ ರೈಲ್ವೆ ದೇಶದ ಹಾದಿಗಳನ್ನು 1,676 ಮಿಲಿಮೀಟರಿನ ಒಂದೇ ಅಳತೆಗೆ ತರುವ ಯೋಜನೆಯನ್ನು ಕೈಗೊಂಡಿತು. ನಮ್ಮ ಹಾದಿಯೂ ಬದಲಾಯಿತು. ಹಳೆಯ ಮೀಟರ್ ಗೇಜಿನ ಎಂಜಿನ್ನುಗಳು ಕೆಟ್ಟುಹೋಗಿರಲಿಲ್ಲ. ಅವುಗಳ ಕೆಳಗಿನ ಹಳಿ ಮಾತ್ರ ಇಲ್ಲವಾಯಿತು.

ಫೋನಿನಲ್ಲಿ ಹಳಿಯ ಸ್ಥಾನ ಕಾರ್ಯಾಚರಣ ವ್ಯವಸ್ಥೆಗೆ ಸೇರಿದ್ದು. ಅದನ್ನೇ ಪ್ಲಾಟ್‌ಫಾರಂ ಎನ್ನುತ್ತಾರೆ. ಯಂತ್ರಭಾಗಗಳಿಗೂ ಆಪ್‌ಗಳಿಗೂ ನಡುವೆ ನಿಂತು ಎಲ್ಲ ಕೆಲಸವನ್ನೂ ಹಂಚಿಕೊಡುವ ತಂತ್ರಾಂಶ ಅದು. ಆಪ್‌ಗಳು ಆ ಹಳಿಯ ಮೇಲೆ ಓಡುವ ಗಾಡಿಗಳು. ಒಂದು ಹಳಿಗೆಂದು ಕಟ್ಟಿದ ಗಾಡಿ ಇನ್ನೊಂದರ ಮೇಲೆ ಓಡದು.

ಹದಿನೈದು ವರ್ಷಗಳ ಹಿಂದೆ ಹಳಿಗಳು ಹಲವಿದ್ದುವು. ನೋಕಿಯ ಫೋನುಗಳ ಸಿಂಬಿಯನ್, ಬ್ಲ್ಯಾಕ್‌ಬೆರಿ, 2010ರಲ್ಲಿ ಬಂದ ವಿಂಡೋಸ್ ಫೋನ್, ಇವೆಲ್ಲ ಒಳ್ಳೆಯ ಎಂಜಿನಿಯರುಗಳ ಕೆಲಸವೇ. ಆದರೆ ಆಪ್ ಬರೆಯುವವರು ಹೆಚ್ಚು ಬಳಕೆದಾರರಿರುವ ಹಳಿಯನ್ನು ಆರಿಸುತ್ತಾರೆ. ಬಳಕೆದಾರರು ಹೆಚ್ಚು ಆಪ್‌ಗಳಿರುವ ಹಳಿಯನ್ನು ಆರಿಸುತ್ತಾರೆ. ಉಳ್ಳವರ ಮನೆಗೆ ಇನ್ನಷ್ಟು ಸೇರುವಂತೆ ಮುಂದಿದ್ದವರು ಇನ್ನೂ ಮುಂದಾದರು. ವಾಟ್ಸ್‌ಆಪ್ 2017ರ ಕೊನೆಗೆ ಬ್ಲ್ಯಾಕ್‌ಬೆರಿಯ ಹಳೆಯ ವ್ಯವಸ್ಥೆಯನ್ನೂ 2019ರ ಕೊನೆಗೆ ವಿಂಡೋಸ್ ಫೋನನ್ನೂ ಕೈಬಿಟ್ಟಿತು. 2017ರಲ್ಲಿ ನಮ್ಮ ದೇಶದಲ್ಲಿ ಬಂದ ಜಿಯೋಫೋನಿನ ಕಾಯ್‌ಓಎಸ್ ಒತ್ತುಗುಂಡಿಗಳ ಅಗ್ಗದ ಫೋನಿಗೂ ಆಪ್‌ಗಳನ್ನು ತಂದು ಉಪಕಾರ ಮಾಡಿತು. ಅಲ್ಲಿಯೂ ವಾಟ್ಸ್‌ಆಪ್ ಈಗ ನಿಂತಿದೆ. ಇಂದು ಅಂಗಡಿಯಲ್ಲಿ ಉಳಿದ ಹಳಿಗಳು ಎರಡೇ.

ಇವೆರಡರ ರಚನೆ ಬೇರೆ ಬೇರೆ. 1991ರಲ್ಲಿ ಲೈನಸ್ ಟೋರ್ವಾಲ್ಡ್ಸ್ ಆರಂಭಿಸಿದ ಲಿನಕ್ಸ್ ಎಂಬ ತಿರುಳಿನ ಮೇಲೆ ಗೂಗಲ್ ಸಂಸ್ಥೆ ಆಂಡ್ರಾಯ್ಡನ್ನು ಬೆಳೆಸಿತು. ಅದರ ಮೊದಲ ಫೋನು 2008ರಲ್ಲಿ ಬಂದಿತು. ಅದನ್ನು ಹತ್ತಾರು ತಯಾರಕರು ತಮ್ಮ ತಮ್ಮ ಯಂತ್ರಗಳಿಗೆ ಅಳವಡಿಸಿಕೊಳ್ಳುತ್ತಾರೆ. ಇದರಿಂದ ಬೆಲೆಯಲ್ಲಿಯೂ ಆಕಾರದಲ್ಲಿಯೂ ವೈವಿಧ್ಯ ಬರುತ್ತದೆ. ಹೊಸ ತಿದ್ದುಪಡಿಗಳು ತಲುಪುವುದರಲ್ಲಿ ವಿಳಂಬವೂ ಬರುತ್ತದೆ. ಐಫೋನಿನಲ್ಲಿ ಯಂತ್ರವನ್ನೂ ವ್ಯವಸ್ಥೆಯನ್ನೂ ಆಪಲ್ ಸಂಸ್ಥೆಯೊಂದೇ ಮಾಡುತ್ತದೆ. ತಿದ್ದುಪಡಿ ಎಲ್ಲರಿಗೂ ಒಟ್ಟಿಗೆ ತಲುಪುತ್ತದೆ. ಆದರೆ ಆಯ್ಕೆ ಕಡಮೆ, ಬೆಲೆ ಹೆಚ್ಚು. ನಮ್ಮ ದೇಶದಲ್ಲಿ ಹತ್ತು ಸ್ಮಾರ್ಟ್‌ಫೋನುಗಳಲ್ಲಿ ಒಂಬತ್ತಕ್ಕೂ ಹೆಚ್ಚು ಆಂಡ್ರಾಯ್ಡ್ ಆಗಿರುವುದಕ್ಕೆ ಈ ಬೆಲೆಯೇ ಮುಖ್ಯ ಕಾರಣ.

ಕನ್ನಡದ ಅಕ್ಷರಗಳು

ಕನ್ನಡ ಓದುಗನಿಗೆ ಇನ್ನೊಂದು ಪ್ರಶ್ನೆಯಿದೆ. 1991ರ ಯೂನಿಕೋಡ್ ಸಂಕೇತಕ್ರಮದಲ್ಲಿಯೇ ಕನ್ನಡಕ್ಕೆ ಸ್ಥಾನ ದೊರೆಯಿತು. ಆದರೆ ಸಂಕೇತವಿದ್ದ ಮಾತ್ರಕ್ಕೆ ಅಕ್ಷರ ಮೂಡುವುದಿಲ್ಲ. ‘ರಾಷ್ಟ್ರ’ ಎಂಬ ಪದದಲ್ಲಿ ನಮ್ಮ ಕಣ್ಣಿಗೆ ಕಾಣುವ ಅಕ್ಷರಗಳು ಎರಡು. ಫೋನಿನ ನೆನಪಿನಲ್ಲಿರುವ ಸಂಕೇತಗಳು ಏಳು. ಅವುಗಳನ್ನು ಪೋಣಿಸಿ ‘ಷ’ಕಾರದ ಕೆಳಗೆ ‘ಟ’ ಮತ್ತು ‘ರ’ಗಳ ಒತ್ತುಗಳನ್ನು ಇಡುವ ಕೆಲಸ ಪ್ಲಾಟ್‌ಫಾರಮಿನದು. ಮೊದಲ ವರ್ಷಗಳ ಆಂಡ್ರಾಯ್ಡಿಗೆ ಅದು ತಿಳಿಯುತ್ತಿರಲಿಲ್ಲ. ಕನ್ನಡ ಸಂದೇಶ ಬಂದರೆ ಅನೇಕ ಫೋನುಗಳಲ್ಲಿ ಖಾಲಿ ಚೌಕಗಳ ಸಾಲು ಮೂಡುತ್ತಿತ್ತು. 2012ರ ಆಂಡ್ರಾಯ್ಡ್ 4.1ರಲ್ಲಿ ಕನ್ನಡವನ್ನು ಸರಿಯಾಗಿ ಮೂಡಿಸುವ ಶಕ್ತಿ ಬಂದಿತು. ಐಫೋನಿನಲ್ಲಿ ಆಪಲ್ ಸಂಸ್ಥೆಯದೇ ಆದ ಕನ್ನಡ ಕೀಲಿಮಣೆ ಬಂದದ್ದು 2017ರಲ್ಲಿ.

ಇಂದು ಎರಡೂ ಕನ್ನಡವನ್ನು ಓದಿಸಬಲ್ಲುವು, ಬರೆಯಿಸಬಲ್ಲುವು. ಆದರೂ ಕೊಳ್ಳುವ ಮುನ್ನ ಅಂಗಡಿಯಲ್ಲಿಯೇ ‘ಸ್ವಾತಂತ್ರ್ಯ’, ‘ಸೂರ್ಯ’, ‘ರಾಷ್ಟ್ರ’ ಎಂಬ ಮೂರು ಪದಗಳನ್ನು ಬರೆದು, ಅಕ್ಷರದ ಗಾತ್ರವನ್ನು ಹಿಗ್ಗಿಸಿ ನೋಡುವುದು ಒಳ್ಳೆಯದು. ಕೆಲವು ಆಪ್‌ಗಳಲ್ಲಿ ಒತ್ತಿನ ಕೆಳಭಾಗ ಕತ್ತರಿಸಿಹೋಗುವುದುಂಟು. ಅದು ದಿನವೂ ಬಳಸುವ ಆಪ್ ಆಗಿದ್ದರೆ ತೊಂದರೆಯೂ ದಿನದಿನದ್ದೇ.

ಎಷ್ಟು ವರ್ಷದ ಬಾಳು?

ತಂದೆಯವರ ಫೋನಿನ ಕೆಲಸ ಮುಗಿಯಿತೆನ್ನುವಾಗ ನಮ್ಮ ತಂಗಿಯ ಮಗಳ ಸರದಿ ಬಂದಿತು. ಆಕೆ ಶಿವಮೊಗ್ಗದ ಕಾಲೇಜಿಗೆ ಸೇರಿದ್ದಳು. “ಮಾವ, ನನ್ನ ಸ್ನೇಹಿತೆಯರ ಹತ್ರ ಎಲ್ಲಾ ಐಫೋನೇ ಇದೆ. ಕಂತಿನ ಮೇಲೆ ಕೊಡ್ತಾರಂತೆ,” ಎಂದಳು. ತಂಗಿಯ ಮನೆಯಲ್ಲಿ ಆ ಕಂತು ಕಟ್ಟಬೇಕಾದರೆ ಬೇರೆ ಯಾವುದಾದರೂ ಖರ್ಚು ನಿಲ್ಲಬೇಕು. ಅದು ಹುಡುಗಿಯ ಪುಸ್ತಕದ್ದೂ ಆಗಬಹುದು, ವಿದ್ಯಾರ್ಥಿನಿಲಯದ್ದೂ ಆಗಬಹುದು. ಬೇಡವೆಂದು ಗದರಿಸುವುದು ಸುಲಭ. ಅದಕ್ಕಿಂತ ಆಕೆಯ ಕೈಯಲ್ಲಿಯೇ ಲೆಕ್ಕ ಮಾಡಿಸುವುದು ಮೇಲೆಂದು ನಮಗೆ ತೋರಿತು.

ಲೆಕ್ಕ ಹೀಗಿದೆ. ಪ್ಲಾಟ್‌ಫಾರಮಿನಲ್ಲಿ ಲೋಪಗಳು ಕಂಡುಬಂದಂತೆಲ್ಲ ಅವುಗಳನ್ನು ಮುಚ್ಚುವ ಸುರಕ್ಷಾ ತಿದ್ದುಪಡಿಗಳು ಬರುತ್ತಿರಬೇಕು. ಅವು ನಿಂತ ಫೋನು ಬೀಗ ಸವೆದ ಬಾಗಿಲಿನಂತೆ. ಯುಪಿಐ ಮೂಲಕ ಹಣ ಕಳುಹಿಸುವವರಿಗೆ ಅದು ಸಲ್ಲದು. ಮುಂದೆ ಕೆಲವು ವರ್ಷಗಳಲ್ಲಿ ಆಪ್‌ಗಳೂ ಅದನ್ನು ಕೈಬಿಡುತ್ತವೆ. ಆದುದರಿಂದ ಫೋನಿನ ನಿಜವಾದ ಬೆಲೆ ಅಂಗಡಿಯ ಬೆಲೆಯಲ್ಲ. ಅದನ್ನು ತಿದ್ದುಪಡಿಗಳ ಉಳಿದ ವರ್ಷಗಳಿಂದ ಭಾಗಿಸಿದಾಗ ಬರುವ ವಾರ್ಷಿಕ ಬೆಲೆ. 12,000 ರೂಪಾಯಿಯ ಫೋನಿಗೆ ಮೂರು ವರ್ಷ ಉಳಿದಿದ್ದರೆ ವರ್ಷಕ್ಕೆ 4,000. 24,000 ರೂಪಾಯಿಯದಕ್ಕೆ ಆರು ವರ್ಷವಿದ್ದರೆ ಆಗಲೂ 4,000. 70,000 ರೂಪಾಯಿಯದಕ್ಕೆ ಏಳು ವರ್ಷವಿದ್ದರೆ 10,000. ಅಗ್ಗದ್ದು ಯಾವಾಗಲೂ ಅಗ್ಗವಲ್ಲ. ದುಬಾರಿಯದು ಹೆಚ್ಚು ಕಾಲ ಬಾಳಿದರೂ ಕೆಲವೊಮ್ಮೆ ದುಬಾರಿಯೇ.

ಈ ವರ್ಷಗಳನ್ನು ಎಲ್ಲಿಂದ ಎಣಿಸಬೇಕು ಎಂಬಲ್ಲಿ ಅನೇಕರು ಎಡವುತ್ತಾರೆ. ಗೂಗಲ್ ಸಂಸ್ಥೆ 2023ರ ಪಿಕ್ಸೆಲ್ 8 ಫೋನಿಗೂ ಸ್ಯಾಮ್‌ಸಂಗ್ 2024ರ ಗ್ಯಾಲಕ್ಸಿ ಎಸ್24 ಫೋನಿಗೂ ಏಳು ವರ್ಷಗಳ ತಿದ್ದುಪಡಿಯ ಮಾತು ಕೊಟ್ಟಿವೆ. ಐಫೋನಿನಲ್ಲಿಯೂ ಅವಧಿ ದೀರ್ಘವೇ: 2018ರಲ್ಲಿ ಬಂದ ಐಫೋನ್ ಎಕ್ಸ್‌ಆರ್‌ಗೆ 2024ರ ಹೊಸ ವ್ಯವಸ್ಥೆ ದೊರೆಯಿತು, 2025ರದು ದೊರೆಯಲಿಲ್ಲ. ಅಗ್ಗದ ಅನೇಕ ಫೋನುಗಳಿಗೆ ಇದರ ಅರ್ಧವೂ ಇರುವುದಿಲ್ಲ. ಈ ಎಣಿಕೆ ಆ ಮಾದರಿ ಮಾರುಕಟ್ಟೆಗೆ ಬಂದ ದಿನದಿಂದ ಆರಂಭವಾಗುತ್ತದೆಯೇ ಹೊರತು ನಾವು ಕೊಂಡ ದಿನದಿಂದಲ್ಲ. ಹಬ್ಬದ ರಿಯಾಯಿತಿಯಲ್ಲಿ ಎರಡು ವರ್ಷ ಹಳೆಯ ಮಾದರಿಯನ್ನು ಕೊಂಡವನು ಎರಡು ವರ್ಷದ ಬಾಳನ್ನು ಅಂಗಡಿಯಲ್ಲಿಯೇ ಬಿಟ್ಟುಬಂದಿರುತ್ತಾನೆ.

ಹಳಿ ಬದಲಿಸುವ ವೆಚ್ಚವೂ ಒಂದಿದೆ. ಹೆಸರುಗಳ ಪಟ್ಟಿ, ಭಾವಚಿತ್ರ, ವಾಟ್ಸ್‌ಆಪ್ ಮಾತುಕತೆ, ಇವನ್ನು ಇಂದು ಒಂದು ಕಡೆಯಿಂದ ಇನ್ನೊಂದು ಕಡೆಗೆ ಒಯ್ಯಬಹುದು. ಹಣ ಕೊಟ್ಟು ಕೊಂಡ ಆಪ್‌ಗಳನ್ನು ಸಾಮಾನ್ಯವಾಗಿ ಒಯ್ಯಲಾಗದು. ಪರದೆ ಒಡೆದರೆ ಊರಿನಲ್ಲಿಯೇ ಸರಿಪಡಿಸುವರೇ, ಬೆಂಗಳೂರಿಗೆ ಕಳುಹಿಸಬೇಕೇ ಎಂಬುದನ್ನೂ ಕೊಳ್ಳುವ ಮೊದಲೇ ವಿಚಾರಿಸಬೇಕು.

ಕೊಳ್ಳುವ ಮುನ್ನ

ಒಟ್ಟಿನಲ್ಲಿ, ಪೆಟ್ಟಿಗೆಯ ಮೇಲಿನ ಅಂಗುಲವೂ ಹೆಸರೂ ಮಾರುವವನ ಅಳತೆಗಳು. ಕೊಳ್ಳುವವನ ಅಳತೆಗಳು ಬೇರೆ. ನಾವು ಓದುವ ದೂರದಲ್ಲಿ ಹಿಡಿದಾಗ ಅಕ್ಷರ ಆಯಾಸವಿಲ್ಲದೆ ಕಾಣುತ್ತದೆಯೆ? ಪರದೆಯ ಅಗಲ ಎಷ್ಟು, ಮತ್ತು ಹತ್ತು ನಿಮಿಷ ಒಂದೇ ಕೈಯಲ್ಲಿ ಹಿಡಿಯಬಲ್ಲೆವೆ? ಈ ಮಾದರಿ ಯಾವ ವರ್ಷ ಬಂದಿತು, ಇನ್ನೆಷ್ಟು ವರ್ಷ ತಿದ್ದುಪಡಿ ದೊರೆಯುತ್ತದೆ? ಈ ಮೂರಕ್ಕೆ ಉತ್ತರ ದೊರೆತರೆ ಆಂಡ್ರಾಯ್ಡೋ ಐಫೋನೋ ಎಂಬ ಪ್ರಶ್ನೆ ಬಹುಮಟ್ಟಿಗೆ ತಾನಾಗಿಯೇ ತೀರುತ್ತದೆ. ಹಣವುಳ್ಳವನು ಯಾವುದನ್ನಾದರೂ ಕೊಳ್ಳಲಿ. ಹಣ ಎಣಿಸಿ ಕೊಳ್ಳುವವನು ಮಾತ್ರ ವರ್ಷಗಳನ್ನೂ ಎಣಿಸಬೇಕು.

ತಂಗಿಯ ಮಗಳು ಲೆಕ್ಕವನ್ನು ಎರಡು ಸಲ ಮಾಡಿದಳು. ಕೊನೆಗೆ ಮಧ್ಯಮ ಬೆಲೆಯ, ಆರು ವರ್ಷದ ಬಾಳುಳ್ಳ ಆಂಡ್ರಾಯ್ಡ್ ಫೋನನ್ನು ಆರಿಸಿದಳು. ಮುಖದಲ್ಲಿ ಸ್ವಲ್ಪ ನಿರಾಸೆಯಿದ್ದುದು ನಿಜ. ಅದನ್ನು ಮರೆಮಾಚುವ ಸೂತ್ರ ನಮ್ಮ ಶಾಸ್ತ್ರದಲ್ಲಿಲ್ಲ. ತಂದೆಯವರು ಹೊಸ ಫೋನನ್ನೇ ಉಳಿಸಿಕೊಂಡಿದ್ದಾರೆ. ಬೆಳಗಿನ ಪತ್ರಿಕೆಯನ್ನು ಅದರಲ್ಲಿಯೇ ಓದುತ್ತಾರೆ, ಎರಡು ಕೈಯಲ್ಲಿ ಹಿಡಿದು. ನಾವು ಮುಂದೆ ಯಾರಿಗಾದರೂ ಫೋನು ಕೊಡಿಸಹೊರಟರೆ ಜೇಬಿನಲ್ಲಿರಲಿ ಎಂದು ಆ ಉಕ್ಕಿನ ಸ್ಕೇಲನ್ನು ನಮಗೆ ಕೊಟ್ಟಿದ್ದಾರೆ.